ಒಬ್ಬಳೇ ವ್ಯಾನ್‌ನಲ್ಲಿ ಹೊರಟಾಗ ರಾತ್ರಿ ಎಲ್ಲಿ ನಿಲ್ಲಿಸೋದು?

ಮಾರ್ಚ್‌ನಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಒಬ್ಬರೇ ಹೊರಟಿದ್ದೀರಿ, ಈಕೋ ವ್ಯಾನ್‌ನ ಹಿಂದೆ ಹಾಸಿಗೆ ಮಾಡಿಸಿಕೊಂಡಿದ್ದೀರಿ. ಯಾರ ಕಣ್ಣಿಗೂ ಬೀಳದೆ ರಾತ್ರಿ ಕಳೆಯುವ ಜಾಗ ಹುಡುಕೋದು ಹೇಗೆ ಅಂತ ಕೇಳಿದ್ದೀರಿ. ಅದೇ ದಾರಿಯಲ್ಲಿ ನಾನು ಮೂರು ಸಲ ಒಬ್ಬಳೇ ಹೋಗಿ ಬಂದಿದ್ದೇನೆ. ದಯವಿಟ್ಟು ಅಡಗುವ ಜಾಗ ಹುಡುಕಬೇಡಿ.

ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಬೈಂದೂರು ದಾಟಿ ಸಮುದ್ರದ ಕಡೆ ಇಳಿದು, ಗಾಳಿಮರಗಳ ನಡುವೆ ಲೈಟ್ ಆರಿಸಿ ಮಲಗಿದೆ. ರಾತ್ರಿ ಒಂದು ಗಂಟೆಗೆ ಕಿಟಕಿಯ ಮೇಲೆ ಟಾರ್ಚ್ ಬೆಳಕು, ನಾಲ್ಕೈದು ಗಂಡಸರ ದನಿ. ಕೈಕಾಲು ತಣ್ಣಗಾಯಿತು. ಹೊರಟುಬಿಡೋಣ ಅಂದರೆ ಹಿಂದಿನ ಚಕ್ರ ಮರಳಲ್ಲಿ ಹೂತಿತ್ತು. ಅವರು ಪಕ್ಕದ ಊರಿನ ಮೀನುಗಾರರು. ಗುರುತಿಲ್ಲದ ಗಾಡಿ ಕತ್ತಲಲ್ಲಿ ನಿಂತಿದ್ದು ಕಂಡು ಅವರಿಗೇ ಅನುಮಾನ. ವಿಷಯ ಗೊತ್ತಾದ ಮೇಲೆ ಅವರೇ ಗಾಡಿ ತಳ್ಳಿಕೊಟ್ಟರು. ಸಂಜೆಯೇ ಹೇಳಿದ್ದರೆ ಮನೆ ಹತ್ತಿರವೇ ಜಾಗ ಕೊಡ್ತಿದ್ದೆವಲ್ಲ ಅಂತ ಒಬ್ಬರು ಬೇಸರ ಮಾಡಿಕೊಂಡರು.

ಅವತ್ತಿನಿಂದ ಬೆಳಕಿರುವಾಗಲೇ ಜಾಗ ನೋಡಿ, ಅಲ್ಲಿಯ ಒಬ್ಬರಿಗಾದರೂ ಹೇಳಿಯೇ ಮಲಗುತ್ತೇನೆ. ಮಾರ್ಚ್‌ನಲ್ಲಿ ಅಲ್ಲಿ ಆರೂವರೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ನೀವು ಐದಕ್ಕೇ ಹುಡುಕಲು ಶುರು ಮಾಡಿ.

ಹೆದ್ದಾರಿ 66ರಲ್ಲಿ ನನಗೆ ಜಾಸ್ತಿ ಒದಗಿದ್ದು ಪೆಟ್ರೋಲ್ ಬಂಕ್‌ಗಳು. ರಾತ್ರಿಯಿಡೀ ತೆರೆದಿರುತ್ತಾ ಅಂತ ಮೊದಲು ಕೇಳಿಕೊಳ್ಳಿ, ಎಲ್ಲವೂ ಇರಲ್ಲ. ಟ್ಯಾಂಕ್ ತುಂಬಿಸಿ. ಶೌಚಾಲಯಕ್ಕೆ ಹೋಗಿ ನೋಡಿ, ಒಳಗಿನ ಚಿಲಕ ಸರಿಯಿದೆಯಾ ಅಂತಲೂ ನೋಡಿ. ಆಮೇಲೆ ರಾತ್ರಿ ಪಾಳಿಯವರ ಹತ್ತಿರ ಹೋಗಿ, "ಅಣ್ಣಾ, ಒಳಗೇ ಮಲಗ್ತೀನಿ, ಬೆಳಿಗ್ಗೆ ಆರಕ್ಕೆ ಹೊರಡ್ತೀನಿ" ಅಂತ ಹೇಳಿ. ಬೇಡ ಅಂದರೆ ವಾದ ಬೇಡ, ಮುಂದಿನ ಬಂಕ್‌ಗೆ ಹೋಗಿ. ಒಪ್ಪಿದರೆ ಲಾರಿಗಳ ಸಾಲಿನ ಕಡೆ ಹೋಗದೆ ಆಫೀಸಿನ ಹತ್ತಿರ, ಕ್ಯಾಮೆರಾ ಕಾಣುವಲ್ಲಿ ನಿಲ್ಲಿಸಿ. ಗಾಡಿಯ ಮುಖ ರಸ್ತೆ ಕಡೆಗಿರಲಿ. ಅಲ್ಲಿ ಗ್ಯಾಸ್ ಸ್ಟೌ ಹಚ್ಚಲೇಬಾರದು, ಊಟ ಹೋಟೆಲಲ್ಲೇ ಮುಗಿಸಿ ಬನ್ನಿ.

ಮುರ್ಡೇಶ್ವರದಂಥ ಕಡೆ ದೇವಸ್ಥಾನದ ಆಫೀಸಿನಲ್ಲೂ ವಿಚಾರಿಸಬಹುದು.

ಆದರೆ ನನಗೆ ತುಂಬ ಇಷ್ಟವಾಗಿದ್ದು ಮನೆಗಳ ಅಂಗಳ. ಎರಡನೇ ಸಲ ಕರಾವಳಿಯ ಸೆಕೆ ತಡೆಯಲಾರದೆ ಕುಮಟಾದಿಂದ ಸಿರ್ಸಿ ಕಡೆ ತಿರುಗಿ ಘಟ್ಟ ಹತ್ತಿದೆ. ರಸ್ತೆ ಬದಿಯ ಒಂದು ಮನೆಯಲ್ಲಿ ಕೇಳಿದೆ. ಅಂಗಳದ ತುಂಬ ಅಡಿಕೆ ಹರಡಿದ್ದರು, ಕೊಟ್ಟಿಗೆ ಪಕ್ಕ ನಿಲ್ಲಿಸು ಅಂದರು. ಸ್ವಲ್ಪ ಹೊತ್ತಿಗೆ ಆ ಮನೆಯ ಅಜ್ಜಿ ವ್ಯಾನ್ ಬಾಗಿಲು ತಟ್ಟಿ, "ಊಟ ಆತನೇ ತಂಗಿ?" ಅಂದರು. ಬಿಸಿ ಅನ್ನಕ್ಕೆ ತಂಬುಳಿ ಬಡಿಸಿದರು. ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಅಷ್ಟು ನಿಶ್ಚಿಂತೆಯಿಂದ ನಾನು ಮನೆ ಬಿಟ್ಟು ಇನ್ನೆಲ್ಲೂ ನಿದ್ದೆ ಮಾಡಿಲ್ಲ.

ಕೆಲವು ಕಡೆ ಮಾತ್ರ ಬೇಡವೇ ಬೇಡ. ತೆಂಗಿನ ಮರದ ಕೆಳಗೆ ಬೇಡ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನೀರು ಜಾಸ್ತಿ ಮೇಲೆ ಬರುತ್ತದೆ, ಮರಳಿನ ಮೇಲೆ ಗಾಡಿ ಇಳಿಸಬೇಡಿ. ಕಾರವಾರದಿಂದ ಜೋಯಿಡಾ ಕಡೆ ಹೋಗುವುದಾದರೆ ಅಣಶಿ ಕಾಡು ಹುಲಿಗಳದ್ದು, ಹಗಲಲ್ಲೇ ದಾಟಿ. ಸೆಕೆ ಅಂತ ಎಂಜಿನ್ ಓಡಿಸಿಕೊಂಡು ಎಸಿ ಹಾಕಿ ಮಲಗಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಹೊಲಿಸಿಕೊಳ್ಳಿ, ಚಿಕ್ಕ ಫ್ಯಾನ್ ಸಾಕು.

ಮಳೆಗಾಲಕ್ಕೆ ಮುಂದೂಡಿದರೆ, ಗುಡ್ಡ ಕಡಿದು ಮಾಡಿದ ರಸ್ತೆ ಬದಿಯಲ್ಲಿ ಹತ್ತು ನಿಮಿಷವೂ ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಲಾರಿ, ಎಲ್ಲ ಗಂಗಾವಳಿ ನದಿಗೆ ಹೋದವು. ಈಗಲೂ ಆ ಜಾಗ ದಾಟುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೊದಲ ರಾತ್ರಿಯನ್ನು ಕುಂದಾಪುರದ ಆಸುಪಾಸಿಗೆ ಇಟ್ಟುಕೊಳ್ಳಿ. ಮಂಗಳೂರಿನಿಂದ ಸುಮಾರು 90 ಕಿ.ಮೀ. ಮಧ್ಯಾಹ್ನ ಊಟ ಮುಗಿಸಿ ಹೊರಟರೂ ನಾಲ್ಕು ಜಾಗ ನೋಡಿ, ಒಂದನ್ನು ಆರಿಸುವಷ್ಟು ಬೆಳಕು ಇನ್ನೂ ಉಳಿದಿರುತ್ತದೆ.