ಮಗಳನ್ನು ಕೇಳಿದಿರಾ?

ಕುಂದಾಪುರದ ಕಡೆಯ ತಾಯಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ಸಾರ ಇಷ್ಟು: 'ಮಗಳು ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಜರ್ಮನಿಗೆ ಹೋಗುವ ಅವಕಾಶ ಬಂದಿದೆ. ಅದೇ ಹೊತ್ತಿಗೆ ಊರಲ್ಲೇ ಒಳ್ಳೆಯ ಸಂಬಂಧವೂ ಬಂದಿದೆ. ಮನೆಯವರೆಲ್ಲ ಉಪವಾಸ ಪ್ರಾರ್ಥನೆ ಮಾಡಿದೆವು. ಹೊಸ ವರ್ಷದ ಆರಾಧನೆಯಲ್ಲಿ ನನಗೆ ಸಿಕ್ಕ ವಾಗ್ದಾನದ ಕಾರ್ಡಿನಲ್ಲಿ, ಅಂದರೆ ಆ ವರ್ಷಕ್ಕೆಂದು ಎತ್ತಿಕೊಂಡ ಬೈಬಲ್ ವಚನದ ಚೀಟಿಯಲ್ಲಿ, ದೇಶ ಬಿಟ್ಟು ಹೊರಡು ಎಂದು ದೇವರು ಅಬ್ರಾಮನಿಗೆ ಹೇಳಿದ ವಚನವಿತ್ತು. ನಮ್ಮ ಯಜಮಾನರು ಕಣ್ಣು ಮುಚ್ಚಿ ಬೈಬಲ್ ತೆರೆದರೆ ಯೆರೆಮೀಯ 42 ಬಂತು. ಈ ದೇಶದಲ್ಲೇ ನಿಂತರೆ ನಿಮ್ಮನ್ನು ಕಟ್ಟುತ್ತೇನೆ ಎಂದು ಅಲ್ಲಿದೆ. ಇದರಲ್ಲಿ ಯಾವುದು ದೇವರ ಚಿತ್ತ?'

ಸಹೋದರಿ, ಕಾಗದ ಚೆನ್ನಾಗಿದೆ, ನಿಮ್ಮ ಅಕ್ಷರ ಇನ್ನೂ ಚೆಂದ. ಈ ವಿಷಯ ಎತ್ತಿದರೆ ನಾನು ಸುಮ್ನಿರುವವನಲ್ಲ ಅಂತ ನಮ್ಮ ಕಚೇರಿಯವರಿಗೆ ಗೊತ್ತು. ಅದಕ್ಕೇ ನಗುತ್ತಾ ತಂದು ಕೊಟ್ಟರು.

ಮೊದಲು ನಿಮ್ಮ ಪರವಾದ ಮಾತು. ಯೇಸುವಿಗೆ ದ್ರೋಹ ಬಗೆದ ಯೂದನ ಜಾಗಕ್ಕೆ ಮತ್ತೀಯನನ್ನು ಅಪೊಸ್ತಲನಾಗಿ ಆರಿಸಿದ್ದು ಚೀಟು ಹಾಕಿಯೇ. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅಳುತ್ತಿದ್ದ, ಮುಂದೆ ಸಂತನೆನಿಸಿದ ಅಗಸ್ಟೀನನಿಗೆ, ತೆಗೆದುಕೊಂಡು ಓದು ಎಂಬ ಮಗುವಿನ ದನಿ ಕೇಳಿಸಿತು. ಪೌಲನ ಪತ್ರಗಳನ್ನು ತೆರೆದ. ಕಣ್ಣಿಗೆ ಬಿದ್ದ ಮಾತು ಅವನ ಬದುಕನ್ನೇ ತಿರುಗಿಸಿತು. ಇದನ್ನು ಇಲ್ಲ ಅನ್ನಲು ನಾನ್ಯಾರು? ಆದರೆ ಅದೇ ಅಗಸ್ಟೀನ ಬಿಷಪ್ ಆದ ಮೇಲೆ, ಲೋಕದ ವ್ಯವಹಾರಕ್ಕೆಲ್ಲ ಸುವಾರ್ತೆಯ ಹಾಳೆ ತಿರುವಿ ನೋಡುವ ರೂಢಿ ತನಗೆ ಹಿಡಿಸುವುದಿಲ್ಲ ಎಂದು ಬರೆದ. 506ರಲ್ಲಿ ಈಗಿನ ಫ್ರಾನ್ಸಿನ ಆಗ್ದ್ ಊರಲ್ಲಿ ಸೇರಿದ ಬಿಷಪರಂತೂ, ಹಾಗೆ ಶಕುನ ನೋಡುವವರನ್ನು ಸಭೆಯಿಂದ ಹೊರಗಿಡಿ ಎಂದರು. ಇನ್ನು ಮತ್ತೀಯನ ಚೀಟು ಬಿದ್ದದ್ದು ಪಂಚಾಶತ್ತಮ ದಿನಕ್ಕಿಂತ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ದಿನಕ್ಕಿಂತ ಮುಂಚೆ. ಆಮೇಲೆ ಅಪೊಸ್ತಲರು ಚೀಟು ಹಾಕಿದ್ದು ಎಲ್ಲೂ ಕಾಣುವುದಿಲ್ಲ. ಯೆರೂಸಲೇಮಿನಲ್ಲಿ ದೊಡ್ಡ ತಕರಾರು ಬಂದಾಗ ಕೂತು ವಾದ ಮಾಡಿದರು. ಆಮೇಲೆ, ಪವಿತ್ರಾತ್ಮನಿಗೂ ನಮಗೂ ಇದು ಸರಿ ಕಂಡಿತು ಎಂದು ಬರೆದರು. 'ನಮಗೂ' ಅಂದರು, ನೋಡಿ.

ಈಗ ನಿಮ್ಮ ಯಜಮಾನರ ಯೆರೆಮೀಯನಿಗೆ ಬರೋಣ. ಬೆರಳು ಬಿದ್ದ ವಚನದಲ್ಲೇ ಅವರು ನಿಂತುಬಿಟ್ಟರು. ಆ ಅಧ್ಯಾಯವನ್ನು ಹಿಂದುಮುಂದಿನದರ ಜೊತೆ ಪೂರ್ತಿ ಓದಿದ್ದರೆ ಈ ಕಾಗದವೇ ಬರುತ್ತಿರಲಿಲ್ಲ. ಬಾಬೆಲಿನವರು ಯೆರೂಸಲೇಮನ್ನು ಸುಟ್ಟಿದ್ದಾರೆ. ಅವರು ನೇಮಿಸಿದ ಅಧಿಪತಿ ಗೆದಲ್ಯನ ಕೊಲೆಯಾಗಿದೆ. ಅಳಿದುಳಿದವರು ಹೆದರಿ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗೋಣ ಎಂದು ಬೇತ್ಲೆಹೇಮಿನ ಹತ್ತಿರ ಇಳಿದುಕೊಂಡಿದ್ದಾರೆ. ಅಲ್ಲಿಂದ ಪ್ರವಾದಿ ಯೆರೆಮೀಯನ ಬಳಿ ಬಂದು, ನಾವು ಯಾವ ದಾರಿ ಹಿಡಿಯಬೇಕೋ ದೇವರನ್ನು ಕೇಳಿ ಹೇಳು, ಒಳ್ಳೆಯದಿರಲಿ ಕೆಟ್ಟದ್ದಿರಲಿ ಕೇಳುತ್ತೇವೆ ಎಂದು ಆಣೆ ಇಡುತ್ತಾರೆ. ಉತ್ತರ ಬರುವುದು ಹತ್ತು ದಿನ ಕಳೆದ ಮೇಲೆ: ಇಲ್ಲೇ ಇರಿ, ಹೋಗಬೇಡಿ. ಅವರೇನಂದರು? ನೀನು ಸುಳ್ಳು ಹೇಳುತ್ತೀ ಅಂದರು! ಹೊರಟೇಬಿಟ್ಟರು, ಯೆರೆಮೀಯನನ್ನೂ ಕರೆದುಕೊಂಡು. ಗಂಟು ಕಟ್ಟಿಟ್ಟುಕೊಂಡೇ ಪ್ರಾರ್ಥನೆಗೆ ಬಂದವರು ಅವರು. ಬೇಕಾಗಿದ್ದದ್ದು ದಾರಿಯಲ್ಲ, ಸಹಿ.

ನಮ್ಮ ಪ್ರಾರ್ಥನೆಗಳಲ್ಲಿ ಅರ್ಧಕ್ಕರ್ಧ ಇದೇ ಜಾತಿಯವು ಅಲ್ವಾ? ಬೇಕಾದ ವಚನ ಬರುವ ತನಕ ಪುಟ ತಿರುವುತ್ತೇವೆ.

ನಾನು ಸಿಎಸ್‌ಐನವನು, ಅಂದರೆ ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟೆಂಟ್. ಆದರೂ ಈ ವಿಷಯಕ್ಕೆ ಕ್ಯಾಥೋಲಿಕರ ಸಂತ ಇಗ್ನೇಷಿಯಸ್ ಲೊಯೋಲನ ಹತ್ತಿರವೇ ಹೋಗುತ್ತೇನೆ. ನಮ್ಮ ಸಭಾಪಾಲಕರು ಬೇಜಾರು ಮಾಡಿಕೊಳ್ಳಬಾರದು. 1522ರಲ್ಲಿ ಅವನು ಹೇಸರಗತ್ತೆ ಹತ್ತಿ ಸ್ಪೇನಿನ ಮೊನ್ಸೆರಾತ್ ಬೆಟ್ಟಕ್ಕೆ ಹೊರಟಿದ್ದ. ದಾರಿಯಲ್ಲಿ ಸಿಕ್ಕ ಮುಸ್ಲಿಮನೊಬ್ಬ ಮರಿಯಮ್ಮನ ಬಗ್ಗೆ ಏನೋ ಅಂದು ಮುಂದೆ ಹೋದ. ಇವನಿಗೆ ರಕ್ತ ಕುದಿಯಿತು. ಹಿಂದೆ ಹೋಗಿ ಇರಿಯಲೋ ಬೇಡವೋ? ಯೋಚಿಸಿ ಯೋಚಿಸಿ ಸುಸ್ತಾಗಿ, ಕವಲುದಾರಿಯಲ್ಲಿ ಲಗಾಮು ಸಡಿಲ ಬಿಟ್ಟ. ಹೇಸರಗತ್ತೆ ಆ ಮನುಷ್ಯ ಹೋದ ಊರಿನ ದಾರಿ ಹಿಡಿದರೆ ಇರಿಯುವುದು, ಹೆದ್ದಾರಿ ಹಿಡಿದರೆ ಬಿಡುವುದು. ಪುಣ್ಯಕ್ಕೆ ಅದು ಹೆದ್ದಾರಿ ಹಿಡಿಯಿತು. ಮುದುಕನಾದ ಮೇಲೆ ಈ ಕಥೆಯನ್ನು ಅವನೇ ಹೇಳಿ ಬರೆಸಿದ. ಅಷ್ಟು ಹೊತ್ತಿಗೆ ಅವನ ದಾರಿಯೇ ಬೇರೆಯಾಗಿತ್ತು. ಮನಸ್ಸು ಕುಗ್ಗಿ ಕತ್ತಲೆ ಕವಿದಾಗ ಮೊದಲಿನ ನಿರ್ಧಾರ ಬದಲಿಸಬೇಡ. ನಿನ್ನಂಥದೇ ಸ್ಥಿತಿಯಲ್ಲಿರುವ ಅಪರಿಚಿತನೊಬ್ಬ ಕೇಳಿದರೆ ಏನು ಹೇಳುತ್ತೀಯೋ, ಅದನ್ನೇ ನೀನೂ ಮಾಡು. ಎರಡೂ ಕಡೆಯ ಲಾಭ ನಷ್ಟ ತೂಗಿ ನೋಡು, ತೂಗಿದ್ದನ್ನು ದೇವರ ಮುಂದಿಡು. ಹೀಗೆಲ್ಲ ಅವನು ಬರೆದ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕಕ್ಕೆ 1548ರಲ್ಲಿ ಪೋಪರ ಒಪ್ಪಿಗೆಯೂ ಸಿಕ್ಕಿತು. ಅದರಲ್ಲಿ ಹೇಸರಗತ್ತೆಗೆ ಜಾಗವಿಲ್ಲ.

ನಮ್ಮ ಪ್ರೊಟೆಸ್ಟೆಂಟರ ಕಡೆಯ, ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯೂ ಕಮ್ಮಿಯಿಲ್ಲ. 1737ರಲ್ಲಿ ಅಮೆರಿಕದ ಸವಾನಾದಲ್ಲಿ ಮದುವೆಯಾಗಲೋ ಬೇಡವೋ ಎಂದು ಮೂರು ಚೀಟಿ ಬರೆದು ಗೆಳೆಯನ ಕೈಲಿ ಎತ್ತಿಸಿದ. 'ಇನ್ನು ಅದನ್ನು ಯೋಚಿಸಲೇಬೇಡ' ಎಂಬುದು ಬಂತು. ಆ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದರಾ?

ನನ್ನ ಹೊಟ್ಟೆ ಉರಿಯುವುದು ಇಲ್ಲೇ. ನಿಮ್ಮ ನಾಲ್ಕು ಪುಟದಲ್ಲಿ ನಿಮಗೆ ಬಂದ ವಚನ ಇದೆ, ಯಜಮಾನರಿಗೆ ಬಂದ ವಚನ ಇದೆ, ಹುಡುಗನ ಸಂಬಳ ಕೂಡ ಇದೆ. ಮಗಳಿಗೆ ಏನು ಬೇಕು ಎಂಬ ಒಂದು ಸಾಲು ಎಲ್ಲೂ ಇಲ್ಲ. ಸಹೋದರಿ, ರಾತ್ರಿ ಪಾಳಿಯಲ್ಲಿ ಐಸಿಯು ನೋಡಿಕೊಳ್ಳುವ ಹುಡುಗಿ ಅವಳು! ನಮ್ಮ ಮನೆಗಳಲ್ಲಿ ಗಂಡುಮಕ್ಕಳು ದುಬೈಗೆ ಹೊರಟಾಗ ಯಾರೂ ಕಣ್ಣು ಮುಚ್ಚಿ ಬೈಬಲ್ ತೆರೆಯುವುದಿಲ್ಲ. ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀ ಅಂತ ಕೇಳುತ್ತಾರೆ, ಅಷ್ಟೆ. ದೇವರ ಚಿತ್ತ ಜಾಸ್ತಿ ಬೇಕಾಗುವುದು ಹೆಣ್ಣುಮಕ್ಕಳು ಬಾಗಿಲು ದಾಟುವಾಗ.

ಇದೇ ಜರ್ಮನಿಯ ವುರ್ಟೆಂಬರ್ಗಿನ ಹಳ್ಳಿಗಳಿಂದ 19ನೇ ಶತಮಾನದಲ್ಲಿ ಹುಡುಗಿಯರು ನಮ್ಮ ಮಂಗಳೂರಿಗೆ ಬಂದರು, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಧರ್ಮಪ್ರಚಾರ ಸಂಸ್ಥೆಯವರ ಹೆಂಡತಿಯರಾಗಲು. ಮಿಷನರಿ ಮದುವೆಯಾಗಬೇಕಾದರೆ ಬಾಸೆಲಿನ ಕಮಿಟಿ ಒಪ್ಪಬೇಕಿತ್ತು. ಎಷ್ಟೋ ಹುಡುಗಿಯರು ಗಂಡಿನ ಮುಖವನ್ನೇ ನೋಡಿರಲಿಲ್ಲ. ಅವರೂ ಪ್ರಾರ್ಥಿಸಿದರು, ಅವರೂ ದೇವರ ಚಿತ್ತ ಎಂದೇ ಬರೆದರು. ಅಪ್ಪ ಅಮ್ಮನ ಒಪ್ಪಿಗೆಯೂ ಬೇಕಿತ್ತು. ಆದರೂ ಹೂಂ ಅನ್ನಬೇಕಾದವಳು ಅವಳೇ, ಒಲ್ಲೆ ಅಂದವರೂ ಇದ್ದರು. ಆ ಕಾಲದ ಆ ಕಮಿಟಿಗಿಂತ ನಾವು ಹಿಂದೆ ಬಿದ್ದಿದ್ದೇವಾ?

ಕಮಿಟಿ ಅಂದಾಗ ನೆನಪಾಯಿತು. ನಮ್ಮ ಸಭೆಗಳ ಕಮಿಟಿಗಳಲ್ಲಿ ಐದು ನಿಮಿಷ ಪ್ರಾರ್ಥನೆ, ಮೂರು ತಾಸು ಜಗಳ. ಗೆದ್ದವರು ಎದ್ದು ನಿಂತು ದೇವರ ಚಿತ್ತ ನೆರವೇರಿತು ಅನ್ನುತ್ತಾರೆ. ಸೋತವರು ಮುಂದಿನ ಚುನಾವಣೆಯ ಲೆಕ್ಕ ಹಾಕುತ್ತಾರೆ. ಇನ್ನು ಕೆಲವರು ಫೋನಿನಲ್ಲೇ 'ಕರ್ತನು ನಿನ್ನ ವಿಷಯ ನನಗೆ ತೋರಿಸಿದ' ಎಂದು ಶುರು ಮಾಡುತ್ತಾರೆ, ಕೊನೆಗೆ ಕಾಣಿಕೆ ಕಳಿಸಲು ನಂಬರ್ ಕೊಡುತ್ತಾರೆ. ನಿಮಗೂ ಅಂಥ ಫೋನು ಬರಬಹುದು. ಇಟ್ಟುಬಿಡಿ.

ಜ್ಞಾನ ಕಮ್ಮಿಯಿದ್ದವನು ದೇವರನ್ನು ಕೇಳಲಿ ಎನ್ನುತ್ತಾನೆ ಬೈಬಲಿನ ತನ್ನ ಪತ್ರದಲ್ಲಿ ಯಾಕೋಬ. ಕೇಳಲು ಹೇಳಿದ್ದು ಜ್ಞಾನವನ್ನು. ಆ ಜ್ಞಾನದಿಂದ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಏಜೆನ್ಸಿಯವರು ಎಷ್ಟು ದುಡ್ಡು ಕೇಳುತ್ತಿದ್ದಾರೆ? ಕರಾರುಪತ್ರ ಜರ್ಮನ್ ಭಾಷೆಯಲ್ಲಿದ್ದರೆ ಓದಿ ಹೇಳುವವರು ಯಾರು? ಅಲ್ಲಿ ಪೂರ್ತಿ ನರ್ಸ್ ಆಗಿ ಕೆಲಸ ಮಾಡಲು ಭಾಷೆಯ ಪರೀಕ್ಷೆ ಪಾಸಾಗಬೇಕು, ಇಲ್ಲಿಯ ಓದಿಗೆ ಅಲ್ಲಿನವರ ಮನ್ನಣೆ ಸಿಗಬೇಕು. ಅಲ್ಲಿವರೆಗೆ ಯಾವ ಕೆಲಸ, ಎಷ್ಟು ಸಂಬಳ? ಮಧ್ಯೆ ಬಿಟ್ಟು ಬಂದರೆ ದಂಡ ಕಟ್ಟಬೇಕಾ? ಹುಡುಗನ ಮನೆಯವರು ಎರಡು ವರ್ಷ ಕಾಯುತ್ತಾರಾ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಡಿ. ಮಗಳೂ ಕೂರಲಿ, ಮೊದಲು ಅವಳು ಮಾತಾಡಲಿ. ಆಮೇಲೆ ಮೂವರೂ ಪ್ರಾರ್ಥಿಸಿ.

ಅವಳೇ ನಮಗೊಂದು ಕಾಗದ ಬರೆದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಡುತ್ತೇನೆ. ನನ್ನನ್ನು ಬೈದಿದ್ದರೂ ಅಡ್ಡಿಯಿಲ್ಲ.

— ಸಂಪಾದಕ