ಮೆಲ್ಬರ್ನಿನ ಅಕ್ಟೋಬರ್: ಹೊಸದಾಗಿ ಬಂದವರೊಬ್ಬರ ಪ್ರಶ್ನೆಗೆ ಉತ್ತರ

ನೀವು ಜುಲೈ ತಿಂಗಳಲ್ಲಿ ಚಿತ್ರದುರ್ಗದಿಂದ ಮೆಲ್ಬರ್ನಿಗೆ ಬಂದಿರೆಂದೂ, ಸೆಪ್ಟೆಂಬರ್ ಮುಗಿಯುವವರೆಗೆ ಕಚೇರಿಯ ಫೂಟಿ (ಇಲ್ಲಿಯ ಆಸ್ಟ್ರೇಲಿಯನ್ ಫುಟ್‌ಬಾಲ್) ಮಾತು ಹೇಗೋ ತಲೆಗೆ ಹೋಗುತ್ತಿತ್ತೆಂದೂ, ಗ್ರ್ಯಾಂಡ್ ಫೈನಲ್ ಕಳೆದು ಆಟವೇ ಇಲ್ಲದ ಈ ಅಕ್ಟೋಬರಿನಲ್ಲಿ ಜನ ಮೊದಲಿಗಿಂತ ಹೆಚ್ಚು ಆವೇಶದಿಂದ ‘ಟ್ರೇಡ್’, ‘ಡ್ರಾಫ್ಟ್ ಪಿಕ್’, ‘ಮುಂದಿನ ವರ್ಷದ ಮೊದಲ ಸುತ್ತು’ ಎಂದು ವಾದಿಸುವುದನ್ನು ಕೇಳಿ ದಿಕ್ಕೇ ತೋಚದಂತಾಗಿದೆಯೆಂದೂ ಬರೆದಿದ್ದೀರಿ. ಇದನ್ನು ಕಲಿಯಲೇಬೇಕೆ, ಯಾವ ಕ್ಲಬ್ಬಿನ ಕಡೆ ನಿಲ್ಲಬೇಕು, ಸದಸ್ಯತ್ವಕ್ಕೆ ದುಡ್ಡು ಹಾಕಬೇಕೆ, ಆರು ವರ್ಷದ ಮಗನನ್ನು ಮಕ್ಕಳ ಫೂಟಿ ತರಬೇತಿಯಾದ ಆಸ್‌ಕಿಕ್‌ಗೆ ಸೇರಿಸಬೇಕೆ ಎಂದೂ ಕೇಳಿದ್ದೀರಿ. ಎಲ್ಲಕ್ಕೂ ಒಂದೇ ಸಮನಾಗಿ ಉತ್ತರಿಸಲು ನನ್ನಿಂದಾಗದು, ಏಕೆಂದರೆ ಮೊದಲ ಪ್ರಶ್ನೆ ಓದುತ್ತಿದ್ದಂತೆಯೇ ನನ್ನ ಮನಸ್ಸು 2007ಕ್ಕೆ ಹೋಗಿಬಿಟ್ಟಿತು.

ನಾನು ಬಂದದ್ದು ಆ ವರ್ಷದ ಅಕ್ಟೋಬರಿನಲ್ಲೇ. ನಮ್ಮ ವಿಭಾಗದ ಚಹಾ ಕೋಣೆಯ ಪಕ್ಕದಲ್ಲಿ ಒಂದು ಬಿಳಿ ಬೋರ್ಡ್ ಇತ್ತು. ಅದರಲ್ಲಿ ಯೋಜನೆಯ ವೇಳಾಪಟ್ಟಿ ಇರಬೇಕಾದ ಕಡೆ ಆಗಿನ 16 ಕ್ಲಬ್ಬುಗಳ ಹೆಸರು ಎಡಕ್ಕೆ, ಅವುಗಳ ಕೈಯಲ್ಲಿದ್ದ ಪಿಕ್‌ಗಳ ಸಂಖ್ಯೆ ಬಲಕ್ಕೆ, ನಡುವೆ ಕೆಂಪು ನೀಲಿ ಬಾಣಗಳು ತುಂಬಿದ್ದವು. ಮೂಲೆಯಲ್ಲಿ ದೊಡ್ಡ ಅಕ್ಷರದಲ್ಲಿ ‘ಅಳಿಸಬೇಡಿ’ ಎಂದು ಬರೆದಿತ್ತು. ವ್ಯವಸ್ಥಾಪಕರು ಬಂದು ಬೈಯುತ್ತಾರೆಂದು ನಾನು ಕಾದು ನಿಂತರೆ, ಅವರು ಬಂದು ಬೋರ್ಡನ್ನು ಎರಡು ನಿಮಿಷ ನೋಡಿ, ತಾವೇ ಒಂದು ಬಾಣವನ್ನು ತಿದ್ದಿ ಹೋದರು. ಆ ದಿನಗಳಲ್ಲಿ ಊರಿಗೆ ಊರೇ ಮಾತಾಡುತ್ತಿದ್ದುದು ಕ್ರಿಸ್ ಜಡ್ ಎಂಬ ಆಟಗಾರನ ಬಗ್ಗೆ. ಪರ್ತ್ ನಗರದ ವೆಸ್ಟ್ ಕೋಸ್ಟ್ ಕ್ಲಬ್ಬಿಗೆ ಹಿಂದಿನ ವರ್ಷವಷ್ಟೇ ನಾಯಕನಾಗಿ ಪ್ರಶಸ್ತಿ ಗೆದ್ದುಕೊಟ್ಟಿದ್ದ ಆತ, ನಾನು ಮೆಲ್ಬರ್ನಿನವನು, ಮನೆಗೆ ಮರಳುತ್ತೇನೆ ಎಂದಿದ್ದ.

ಮೊದಲಿಗೆ ಕಟ್ಟಳೆಗಳನ್ನು ಹೇಳಿಬಿಡುತ್ತೇನೆ. ನೀವು ಐಪಿಎಲ್ ಹರಾಜಿನ ಲೆಕ್ಕ ಇಟ್ಟುಕೊಂಡು ಇದನ್ನು ಅರ್ಥಮಾಡಿಕೊಳ್ಳಲು ಹೊರಟರೆ ದಾರಿ ತಪ್ಪುತ್ತದೆ. ಇಲ್ಲಿ ಒಂದು ಕ್ಲಬ್ಬು ಇನ್ನೊಂದಕ್ಕೆ ಹಣ ಕೊಟ್ಟು ಆಟಗಾರನನ್ನು ಕೊಳ್ಳುವಂತಿಲ್ಲ. ಎಲ್ಲ ಕ್ಲಬ್ಬುಗಳಿಗೂ ಸಂಬಳದ ಮಿತಿ ಒಂದೇ. ಆ ವರ್ಷದೊಳಗೆ 18 ತುಂಬುವ ಹುಡುಗರನ್ನು ನವೆಂಬರಿನ ಡ್ರಾಫ್ಟಿನಲ್ಲಿ ಸರದಿಯ ಪ್ರಕಾರ ಆರಿಸಿಕೊಳ್ಳುತ್ತಾರೆ, ಕಡೆಯ ಸ್ಥಾನದಲ್ಲಿ ಸೋತು ಕುಳಿತ ಕ್ಲಬ್ಬಿಗೆ ಮೊದಲ ಸರದಿ. ಈ ಸರದಿಯ ಹಕ್ಕೇ ಪಿಕ್. ಅಕ್ಟೋಬರಿನಲ್ಲಿ ಸುಮಾರು ಹತ್ತು ದಿನ ನಡೆಯುವ ಟ್ರೇಡಿನಲ್ಲಿ ಆಟಗಾರನಿಗೆ ಆಟಗಾರನನ್ನೋ ಪಿಕ್ಕನ್ನೋ ಬದಲು ಕೊಡಬಹುದು. 2015ರಿಂದ ಮುಂದಿನ ವರ್ಷದ ಪಿಕ್ಕುಗಳನ್ನೂ ಈಗಲೇ ಕೊಟ್ಟುಬಿಡಬಹುದು. ಎರಡೂ ಕ್ಲಬ್ಬುಗಳ ಜೊತೆ ಆಟಗಾರನೂ ಒಪ್ಪಲೇಬೇಕು ಎಂಬುದನ್ನು ಮರೆಯಬೇಡಿ, ಅರ್ಧ ವಾದಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಒಂದೇ ಕ್ಲಬ್ಬಿನಲ್ಲಿ ಎಂಟು ವರ್ಷ ದುಡಿದವನು ಕರಾರು ಮುಗಿದಾಗ ತನಗಿಷ್ಟ ಬಂದ ಕಡೆ ಹೋಗುವ ವ್ಯವಸ್ಥೆಯೊಂದು 2012ರಿಂದ ಇದೆ. ಅದರ ಒಳವಿವರಗಳನ್ನು ನಿಮ್ಮ ಸಹೋದ್ಯೋಗಿಗಳು ನೀವು ಬೇಡವೆಂದರೂ ಹೇಳುತ್ತಾರೆ.

ಈ ಚೌಕಾಸಿ ನೋಡಿದಾಗಲೆಲ್ಲ ನನಗೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೆನಪಾಗುತ್ತದೆ. ನಾನು ದೊಡ್ಡಬಳ್ಳಾಪುರದ ಕಡೆಯವನು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದೂ, ಕೊಡುವುದಿಲ್ಲವೆಂದು ಎದ್ದು ಹೋದವನು ಹತ್ತು ಹೆಜ್ಜೆಯಲ್ಲಿ ಹಿಂದಿರುಗುವುದೂ, ಸಂಜೆ ಕತ್ತಲಾಗುವ ಹೊತ್ತಿಗೆ ಎಲ್ಲ ವ್ಯಾಪಾರ ಒಮ್ಮೆಗೇ ಕುದುರುವುದೂ ನಿಮಗೆ ಹೊಸದಲ್ಲ. ಇಲ್ಲಿಯೂ ಕೊನೆಯ ಸಂಜೆ ಹಾಗೆಯೇ. ವಾರವಿಡೀ ‘ಅವನನ್ನು ಬಿಟ್ಟುಕೊಡುವುದಿಲ್ಲ’ ಎಂದ ಕ್ಲಬ್ಬು ಗಡುವಿಗೆ ಐದು ನಿಮಿಷ ಇರುವಾಗ ಸಹಿ ಹಾಕುತ್ತದೆ.

ಯಾರು ಗೆದ್ದರು, ಯಾರು ಸೋತರು ಎಂಬ ತೀರ್ಪು ಮಾತ್ರ ಅಂದು ಸಂಜೆಗೆ ಸಿಗುವುದಿಲ್ಲ. 2001ರಲ್ಲಿ ಫ್ರೀಮ್ಯಾಂಟಲ್ ಕ್ಲಬ್ಬು ತನ್ನ 1, 20 ಮತ್ತು 36ನೆಯ ಪಿಕ್‌ಗಳನ್ನು ಹಾಥಾರ್ನ್ ಕ್ಲಬ್ಬಿಗೆ ಕೊಟ್ಟು ಟ್ರೆಂಟ್ ಕ್ರೋಡ್, ಲ್ಯೂಕ್ ಮೆಕ್‌ಫಾರ್ಲಿನ್ ಎಂಬಿಬ್ಬರನ್ನು ತಂದಿತು. ಹಾಥಾರ್ನ್ ಮೊದಲ ಪಿಕ್ಕಿನಲ್ಲಿ ಆರಿಸಿದ್ದು ಲ್ಯೂಕ್ ಹಾಜ್‌ನನ್ನು, 36ರಲ್ಲಿ ಸ್ಯಾಮ್ ಮಿಚೆಲ್‌ನನ್ನು. 2008ರಲ್ಲಿ ಮಿಚೆಲ್ ನಾಯಕನಾಗಿ, ಮುಂದೆ 2013ರಿಂದ ಸತತ ಮೂರು ವರ್ಷ ಹಾಜ್ ನಾಯಕನಾಗಿ ಆ ಕ್ಲಬ್ಬು ಪ್ರಶಸ್ತಿ ಗೆದ್ದಿತು. ಮೆಕ್‌ಫಾರ್ಲಿನ್ ಫ್ರೀಮ್ಯಾಂಟಲ್‌ನಲ್ಲೇ ಉಳಿದು ಒಳ್ಳೆಯ ಆಟಗಾರನೆನಿಸಿಕೊಂಡ, ನಿಜ. ಆದರೆ ಕ್ರೋಡ್ ಎರಡೇ ವರ್ಷಕ್ಕೆ ಹಾಥಾರ್ನಿಗೆ ಮರಳಿ, 2008ರ ಗೆಲುವಿನ ತಂಡದಲ್ಲಿ ತಾನೂ ಇದ್ದ. ಫ್ರೀಮ್ಯಾಂಟಲ್ ಅಭಿಮಾನಿಯೊಬ್ಬರು ನಿಮ್ಮ ಕಚೇರಿಯಲ್ಲಿದ್ದರೆ ಈ ವಿಷಯವನ್ನು ಊಟದ ಹೊತ್ತಿನಲ್ಲಿ ಎತ್ತದಿರುವುದು ಕ್ಷೇಮ. ಹಾಗೆಂದು ಮೊದಲ ಪಿಕ್ಕೇ ಸರ್ವಸ್ವ ಎಂದೂ ತಿಳಿಯಬೇಡಿ. ನಮ್ಮ ಕಾರ್ಲ್‌ಟನ್ ಕ್ಲಬ್ಬು 2005, 2006, 2007ರಲ್ಲಿ ಸಾಲಾಗಿ ಮೂರು ಬಾರಿ ದೇಶದ ಮೊದಲ ಹುಡುಗನನ್ನು ಆರಿಸಿತು, ಪ್ರಶಸ್ತಿ ಮಾತ್ರ 1995ರ ನಂತರ ಬಂದಿಲ್ಲ. ಎಸೆಂಡನ್ ಕ್ಲಬ್ಬಿನ ಕಣ್ಮಣಿಯಾಗಿದ್ದ ಜೇಮ್ಸ್ ಹರ್ಡ್ 1990ರ ಡ್ರಾಫ್ಟಿನಲ್ಲಿ 79ನೆಯವನಾಗಿ ಬಂದವನು.

ಇನ್ನು ಜಡ್‌ನ ವಿಷಯ. ಅವನನ್ನು ಪಡೆಯಲು ಕಾರ್ಲ್‌ಟನ್ 3 ಮತ್ತು 20ನೆಯ ಪಿಕ್‌ಗಳ ಜೊತೆಗೆ ಜಾಷ್ ಕೆನೆಡಿ ಎಂಬ ಇಪ್ಪತ್ತು ವರ್ಷದ ಹುಡುಗನನ್ನೂ ಕೊಡಬೇಕಾಯಿತು. ಕೆನೆಡಿ ಪರ್ತಿನಿಂದಲೂ 450 ಕಿ.ಮೀ.ಗೂ ಹೆಚ್ಚು ಉತ್ತರಕ್ಕಿರುವ ನಾರ್ತಾಂಪ್ಟನ್ ಎಂಬ ಸಣ್ಣ ಊರಿನವನು, ಎರಡು ವರ್ಷ ಮೆಲ್ಬರ್ನಿನಲ್ಲಿ ಆಡಿ ಇಲ್ಲಿಗೆ ಒಗ್ಗಿಕೊಂಡಿದ್ದವನು. ಹೀಗೆ ಒಬ್ಬ ಬಯಸಿ ತವರಿಗೆ ಬಂದ, ಇನ್ನೊಬ್ಬ ಮನಸ್ಸಿಲ್ಲದಿದ್ದರೂ ತವರಿನ ಕಡೆಗೆ ಹೊರಟ. ಜಡ್ 2010ರಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಗೆದ್ದ, ಐದು ವರ್ಷ ನಮ್ಮ ನಾಯಕನಾಗಿದ್ದ, 2015ರಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ನಿವೃತ್ತನಾದ. ಕೆನೆಡಿ ವೆಸ್ಟ್ ಕೋಸ್ಟಿಗಾಗಿ 700ಕ್ಕೂ ಹೆಚ್ಚು ಗೋಲು ಹೊಡೆದು 2018ರ ಪ್ರಶಸ್ತಿಯನ್ನೂ ಗೆದ್ದ. ಲಾಭ ಯಾರಿಗೆ ಎಂದು ಇವತ್ತಿಗೂ ವಾದವಿದೆ. ನಾನು ಜಡ್‌ನ ಪರ. ಆ ವರ್ಷ ಬಂದವನಿಗೆ ಬೇರೆ ಆಯ್ಕೆಯೇ ಇರಲಿಲ್ಲ.

ಪರ್ತಿನಿಂದ ಮೆಲ್ಬರ್ನಿಗೆ ವಿಮಾನದಲ್ಲಿ ಸುಮಾರು 2,700 ಕಿ.ಮೀ. ದೂರವಿದೆ, ಬೆಂಗಳೂರಿನಿಂದ ದೆಹಲಿಗೆ ಇರುವುದಕ್ಕಿಂತ ಬಹಳ ಹೆಚ್ಚು. ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಸಿದ ಹುಡುಗನ ಹೆಸರನ್ನು ನವೆಂಬರಿನ ಒಂದು ರಾತ್ರಿ ಕೂಗುತ್ತಾರೆ. ಅವನಿಗೆ ಆಯ್ಕೆಯಿಲ್ಲ, ಕೂಗಿದ ಕ್ಲಬ್ಬು ಎಲ್ಲಿದೆಯೋ ಅಲ್ಲಿಗೆ ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟಬೇಕು. ಎರಡು ಮೂರು ವರ್ಷದ ಮೊದಲ ಕರಾರು ಮುಗಿಯುವಷ್ಟರಲ್ಲಿ ಕೆಲವರು ಊರಿಗೆ ಕಳುಹಿಸಿ ಎನ್ನುತ್ತಾರೆ. ಈ ಸೆಳೆತ ಎಷ್ಟು ಸಾಮಾನ್ಯವೆಂದರೆ ಇಲ್ಲಿಯವರು ಅದಕ್ಕೆ ‘ಗೋ-ಹೋಮ್ ಫ್ಯಾಕ್ಟರ್’ ಎಂದು ಹೆಸರಿಟ್ಟು, ಎತ್ತರ, ಓಟದ ವೇಗ, ಒದೆಯುವ ಕಾಲು ಇವುಗಳ ಪಕ್ಕದಲ್ಲೇ ಅದನ್ನೂ ತೂಗುತ್ತಾರೆ. ಕ್ಲಬ್ಬಿನವರು ಡ್ರಾಫ್ಟಿಗೆ ಮೊದಲು ಹುಡುಗನ ಮನೆಗೇ ಹೋಗಿ, ತಂದೆ ತಾಯಿಯ ಎದುರು ಕುಳಿತು, ದೂರದ ಊರಿನಲ್ಲಿ ಇವನು ನಿಲ್ಲುತ್ತಾನೆಯೇ ಎಂದು ವಿಚಾರಿಸುತ್ತಾರೆ.

ಇದನ್ನು ಮೊದಲ ಬಾರಿ ಕೇಳಿದಾಗ ನನಗೆ ನಗು ಬಂತು, ಮರುಕ್ಷಣ ನಗು ನಿಂತಿತು. ನಮ್ಮನ್ನು ಯಾರು ಹಾಗೆ ಕೇಳಿದರು? ವೀಸಾ ಅರ್ಜಿಯಲ್ಲಿ ಇಂಗ್ಲಿಷಿನ ಅಂಕ, ಅನುಭವದ ವರ್ಷ, ವಯಸ್ಸು ಎಲ್ಲಕ್ಕೂ ಅಂಕವಿತ್ತು, ಮನೆ ಬಿಟ್ಟಿರುವ ಶಕ್ತಿಗೆ ಮಾತ್ರ ಒಂದು ಕಾಲಂ ಇರಲಿಲ್ಲ. ನಮ್ಮ ಮನೆಯಲ್ಲಿಯೂ ಅಮ್ಮನನ್ನು ಕೂರಿಸಿ ಕೇಳಿದವರಿಲ್ಲ. ಇದ್ದಿದ್ದರೆ ಅವರು ‘ಹೋಗಿ ಬರಲಿ ಬಿಡಿ’ ಎಂದೇ ಹೇಳುತ್ತಿದ್ದರು, ಅದು ಬೇರೆ ಮಾತು. ಬಂದ ಕೆಲವು ವರ್ಷಗಳಿಗೆ ಬೆಂಗಳೂರಿನಿಂದ ನನಗೊಂದು ಒಳ್ಳೆಯ ಕೆಲಸದ ಕರೆ ಬಂದಿತ್ತು. ಮಗಳ ಶಾಲೆ, ಮನೆಯ ಸಾಲ, ಇನ್ನೊಂದು ವರ್ಷ ನೋಡೋಣ ಎಂದು ಮುಂದೂಡಿದೆವು. ಆ ಕೆಲಸ ಬೇರೆಯವರ ಪಾಲಾಯಿತು, ಅಮ್ಮನೂ ಆಮೇಲೆ ಬಹಳ ಕಾಲ ಇರಲಿಲ್ಲ. ಇಲ್ಲಿ ಮನೆ, ಮಗಳ ಓದು, ಹೆಸರು ಎಲ್ಲ ಆಗಿದೆ, ಆ ಬಗ್ಗೆ ಹೆಮ್ಮೆಯೂ ಇದೆ. ಆದರೂ ಅಕ್ಟೋಬರಿನಲ್ಲಿ ಯಾವನೋ ಇಪ್ಪತ್ತರ ಹುಡುಗ ಮನೆಯ ಹತ್ತಿರವಿರಬೇಕೆಂದು ಕೇಳಿದ ಸುದ್ದಿ ಬಂದಾಗ, ಅವನ ಕ್ಲಬ್ಬಿಗೆ ಆಗುವ ನಷ್ಟವನ್ನು ಲೆಕ್ಕ ಹಾಕುವ ಮೊದಲು ನಾನು ಅವನ ಊರು ಯಾವುದೆಂದು ನೋಡುತ್ತೇನೆ.

ಆದ್ದರಿಂದ ಕಚೇರಿಯ ವಾದಗಳ ಬಗ್ಗೆ ನಿಮಗೆ ಹೇಳಬೇಕಾದ ಎಚ್ಚರಿಕೆ ಇದು. ಅಂಕ, ಪಿಕ್ಕು, ಕರಾರು ಏನನ್ನು ಬೇಕಾದರೂ ಹೀಯಾಳಿಸಿ, ಆದರೆ ಊರಿಗೆ ಹೋಗುತ್ತೇನೆಂದವನನ್ನು ಹೇಡಿ, ದ್ರೋಹಿ ಎಂದು ಎಲ್ಲರೂ ಬೈಯುವಾಗ ನೀವು ದನಿಗೂಡಿಸಬೇಡಿ. ದಕ್ಷಿಣ ಆಸ್ಟ್ರೇಲಿಯಾದ ಜೇಸನ್ ಹಾರ್ನ್-ಫ್ರಾನ್ಸಿಸ್ 2021ರ ಡ್ರಾಫ್ಟಿನ ಮೊದಲ ಪಿಕ್ಕಾಗಿ ನಾರ್ತ್ ಮೆಲ್ಬರ್ನಿಗೆ ಬಂದ. ಒಂದೇ ಋತು ಆಡಿ, ನಾಲ್ಕು ಕ್ಲಬ್ಬುಗಳು ಸೇರಿ ಹೆಣೆದ ಟ್ರೇಡಿನಲ್ಲಿ ತವರು ಸೀಮೆಯ ಪೋರ್ಟ್ ಅಡಿಲೇಡ್ ಕ್ಲಬ್ಬಿಗೆ ಹೋದ. ಆಮೇಲೆ ಆ ಹತ್ತೊಂಬತ್ತರ ಹುಡುಗನ ಕಾಲಿಗೆ ಚೆಂಡು ಬಂದಾಗಲೆಲ್ಲ ಕೇಳಿದ ‘ಬೂ’ ಎಂಬ ಕೂಗು, 2024ರಲ್ಲಿ ವಾಂಖೆಡೆಯಲ್ಲಿ ಹಾರ್ದಿಕ್ ಪಾಂಡ್ಯನಿಗೆ ಎದುರಾದದ್ದಕ್ಕಿಂತ ಕಡಿಮೆಯದೇನಲ್ಲ. ನನ್ನ ಪಕ್ಕದ ಮೇಜಿನವರು ಅವನ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅದೇ ವ್ಯಕ್ತಿ ಮರುದಿನ ಬಂದು, ಈ ಡಿಸೆಂಬರಿನಲ್ಲಾದರೂ ಊರಿಗೆ ಹೋಗುತ್ತೀಯಾ ಎಂದು ನನ್ನನ್ನು ಅಕ್ಕರೆಯಿಂದ ವಿಚಾರಿಸಿದರು. ಕೆಟ್ಟವರಲ್ಲ ಪಾಪ, ಎರಡನ್ನೂ ಸೇರಿಸಿ ನೋಡಿರಲಿಲ್ಲ, ಅಷ್ಟೆ.

ಕ್ಲಬ್ಬಿನ ಆಯ್ಕೆಗೆ ಅವಸರ ಬೇಡ, ಆದರೆ ಒಮ್ಮೆ ಹೇಳಿದ ಮೇಲೆ ಬದಲಿಸುವಂತಿಲ್ಲ. ಗೆಲ್ಲುವ ತಂಡ ನೋಡಿ ಹಾರಿದವರನ್ನು ಈ ಊರು ಯಾವತ್ತೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ‘ಈ ಸಲ ಕಪ್ ನಮ್ದೇ’ ಎಂದು 2025ರ ವರೆಗೆ 18 ಆವೃತ್ತಿ ಕಾದ ಜನ ನಾವು, ಸೋಲುವ ಕ್ಲಬ್ಬನ್ನು ಹಿಡಿದು ನಿಲ್ಲುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನೀವು ಕಾರ್ಲ್‌ಟನ್ ಕಡೆ ಬಂದರೆ ಸಂತೋಷ, ನಮ್ಮ ಬದ್ಧ ಎದುರಾಳಿ ಕಾಲಿಂಗ್‌ವುಡ್ ಕಡೆ ಹೋದರೂ ನಮ್ಮ ಮನೆಗೆ ಊಟಕ್ಕೆ ಕರೆಯುತ್ತೇನೆ.

ಮಗನನ್ನು ಆಸ್‌ಕಿಕ್‌ಗೆ ಖಂಡಿತ ಸೇರಿಸಿ. ಆ ಮೊಟ್ಟೆಯಾಕಾರದ ಚೆಂಡು ಎತ್ತ ಪುಟಿಯುತ್ತದೆಂದು ಚಿಕ್ಕಂದಿನಲ್ಲಿ ಕಲಿಯದವರಿಗೆ ಆಮೇಲೆ ಬರುವುದಿಲ್ಲ, ನನ್ನನ್ನೇ ನೋಡಿ. ಮುಂದೆ ಅವನು ನಿಜಕ್ಕೂ ಚೆನ್ನಾಗಿ ಆಡಿದರೆ, ಮೂಲನಿವಾಸಿ ಮತ್ತು ಬಹುಸಂಸ್ಕೃತಿಯ ಹಿನ್ನೆಲೆಯ ಮಕ್ಕಳಿಗಾಗಿ 2016ರಿಂದ ಕ್ಲಬ್ಬುಗಳು ನಡೆಸುತ್ತಿರುವ ಅಕಾಡೆಮಿಗಳೂ ಇವೆ. ತಂದೆ ಒಂದು ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ ಮಗನನ್ನು ಆರಿಸುವುದರಲ್ಲಿ ಆ ಕ್ಲಬ್ಬಿಗೆ ಮೊದಲ ಹಕ್ಕು ಎಂಬ ನಿಯಮವೂ ಇದೆ. ಬೇರೆ ಕ್ಲಬ್ಬು ಆ ಹುಡುಗನ ಹೆಸರು ಕೂಗಿದರೆ ಇವರು ಅದಕ್ಕೆ ಸರಿಹೊಂದುವ ಅಂಕಗಳಷ್ಟು ಪಿಕ್ಕು ಬಿಟ್ಟುಕೊಡಬೇಕು, ಪ್ರತಿ ಪಿಕ್ಕಿಗೂ ಇಂತಿಷ್ಟೆಂದು ಅಂಕವಿದೆ, ಮೊದಲ ಪಿಕ್ಕಿಗೆ 3000. ಪೀಟರ್ ಡೈಕಸ್ ಕಾಲಿಂಗ್‌ವುಡ್‌ಗೆ 250 ಪಂದ್ಯ ಆಡಿದ. ಅವನ ಇಬ್ಬರು ಮಕ್ಕಳೂ ಹೀಗೆಯೇ ಅದೇ ಕ್ಲಬ್ಬಿಗೆ ಬಂದು 2023ರ ಪ್ರಶಸ್ತಿ ಗೆದ್ದರು. ಮಗ ಬೇರೆ ಊರಿಗೆ ಹೋಗದೆ ತಂದೆಯ ಅಂಗಳದಲ್ಲೇ ಆಡುವಂತೆ ನೋಡಿಕೊಳ್ಳುವ ಈ ಒಂದು ನಿಯಮದ ಬಗ್ಗೆ ಅನ್ಯಾಯವೆಂಬ ದೂರು ಪ್ರತಿ ವರ್ಷ ಕೇಳಿಬರುತ್ತದೆ. ನಾನು ಮಾತ್ರ ಅದನ್ನು ತೆಗೆಯಬಾರದೆನ್ನುವ ಗುಂಪಿನವನು.

ಸದಸ್ಯತ್ವ ಈ ವರ್ಷ ಬೇಡ. ಎಂಸಿಜಿಯಲ್ಲಿ ಸುಮಾರು ಒಂದು ಲಕ್ಷ ಜನ ಕೂರುವಷ್ಟು ಜಾಗವಿದೆ, ಸಾಧಾರಣ ಪಂದ್ಯಕ್ಕೆ ಅಂದಂದಿನ ಟಿಕೆಟ್ ಸಿಕ್ಕೇ ಸಿಗುತ್ತದೆ. ಆ ದುಡ್ಡನ್ನು ಬೆಂಗಳೂರಿನ ವಿಮಾನಕ್ಕೆ ಇಡಿ. ಡಿಸೆಂಬರಿನ ಶಾಲಾ ರಜೆ ಹತ್ತಿರ ಬಂದಷ್ಟೂ ದರ ಏರುತ್ತದೆ, ಡ್ರಾಫ್ಟ್ ಮುಗಿಯುವವರೆಗೆ ಕಾಯದೆ ಈ ವಾರವೇ ನೋಡಿ.