ಸೆಪ್ಟೆಂಬರಿನ ಗುಲ್ಲು, ಓಣಂ ಆಫರು

ಓದುಗರ ಪ್ರಶ್ನೆ, ಮೊಬೈಲ್ ಅಂಗಡಿಯವನ ಉತ್ತರ

ಈ ತಿಂಗಳ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಆಪಲ್‌ನವರು ಸೆಪ್ಟೆಂಬರಿನಲ್ಲಿ ಏನು ಬಿಡುತ್ತಾರೆ? ಬದಿಯಡ್ಕದ ನನ್ನ ಅಂಗಡಿಯಲ್ಲೂ ಅದೇ ಮಾತು. ಐಫೋನ್ ಇಲ್ಲದವರೂ ಕೇಳುತ್ತಾರೆ. ಹಾಗೆ ನೋಡಿದರೆ ನನ್ನ ಕಿಸೆಯಲ್ಲಿರುವುದೂ ಐಫೋನ್ ಅಲ್ಲ. ಇರಲಿ, ಸ್ಕ್ರೀನ್ ಒಡೆದುಕೊಂಡವರು, ಚಾರ್ಜ್ ನಿಲ್ಲದವರು ಈ ಒಂದು ಸಂಚಿಕೆ ಸುಧಾರಿಸಿಕೊಳ್ಳಿ.

ಓಣಂಗೆ ಸ್ವಲ್ಪ ದುಡ್ಡು ಕೈಗೆ ಬರುತ್ತದೆ. ಆಫರ್ ಇರುವಾಗಲೇ ಐಫೋನ್ 17 ತೆಗೆದುಕೊಳ್ಳಲಾ? ಸೆಪ್ಟೆಂಬರಿನಲ್ಲಿ ಹೊಸದು ಬಂದರೆ ಇದಕ್ಕೆ ಹತ್ತು ಸಾವಿರ ಇಳಿಯುತ್ತದೆ, ಕಾಯಿರಿ ಅಂತ ಮಗ ಹೇಳುತ್ತಾನೆ. ತೋಟದ ಖರ್ಚೂ ಉಂಟು, ಸುಮ್ನೆ ದುಡ್ಡು ಕಳೆಯಲು ಮನಸ್ಸಿಲ್ಲ.
— ಒಬ್ಬ ಅಧ್ಯಾಪಕರು, ಪೆರ್ಲ

ಮಾಷ್ಟ್ರೇ, ನಿಮ್ಮ ಮಗನ ಲೆಕ್ಕ ಇಷ್ಟು ವರ್ಷ ಸರಿಯಾಗಿಯೇ ಇತ್ತು. 2023ರಲ್ಲಿ ಐಫೋನ್ 15 ಬಂದಾಗ 14ರ ಬೆಲೆ 79,900ರಿಂದ 69,900ಕ್ಕೆ ಇಳಿಯಿತು. 2024ರಲ್ಲಿ 16 ಬಂದಾಗ 15ಕ್ಕೂ ಅದೇ ಆಯಿತು. 2025ರ ಸೆಪ್ಟೆಂಬರ್ 9ರಂದು 17 ಬಂತು, 82,900 ರೂಪಾಯಿಗೆ. ಆಗ 16 ಕೂಡ 69,900ಕ್ಕೆ ಬಂತು.

ಆದರೆ ಈ ಸಲದ ಗುಲ್ಲು ಬೇರೆ. ಸೆಪ್ಟೆಂಬರಿನಲ್ಲಿ ಪ್ರೊ ಎಂಬ ದುಬಾರಿ ಮಾದರಿಗಳು ಮತ್ತು ಮಡಚುವ ಫೋನ್ ಮಾತ್ರ ಬರುತ್ತವೆ, ಸಾದಾ 18 ಮುಂದಿನ ವರ್ಷದ ಮೊದಲ ತಿಂಗಳುಗಳಿಗೆ ಹೋಗುತ್ತದೆ ಎಂಬ ಸುದ್ದಿ ಬಹಳ ದಿನದಿಂದ ಓಡುತ್ತಿದೆ. ಅದು ನಿಜವಾದರೆ ಸೆಪ್ಟೆಂಬರಿನಲ್ಲೂ ಸಾದಾ ಫೋನುಗಳಲ್ಲಿ ಹೊಸದು ಅಂದರೆ ಹದಿನೇಳೇ. ಹೊಸ ಮಾಲಿಗೆ ಯಾರು ಬೆಲೆ ಇಳಿಸುತ್ತಾರೆ ಹೇಳಿ? ಮಗನ ಲೆಕ್ಕದಲ್ಲಿ ಎರಡು ಅಂದಾಜು ಉಂಟು. ಒಂದು, ಹೊಸ ಸಾದಾ ಮಾದರಿ ಬರುತ್ತದೆ. ಎರಡು, ಬಂದ ಮೇಲೆ ಹಳೆಯದು ಇಳಿಯುತ್ತದೆ. ಎರಡನೆಯದು ನನಗೂ ಒಪ್ಪಿಗೆ. ಸಂಶಯ ಇರುವುದು ಮೊದಲನೆಯದರಲ್ಲಿ.

ನಿಮಗೆ ತೋಟ ಉಂಟಲ್ಲ, ಹಾಗಾಗಿ ಹೇಳುತ್ತೇನೆ. ಅಡಿಕೆ ಆದರೆ ಚೀಲ ಕಟ್ಟಿ ಇಟ್ಟು ಕಾಯಬಹುದು, ಹಳೆ ಅಡಿಕೆಗೆ ಹೊಸದಕ್ಕಿಂತ ಜಾಸ್ತಿ ಧಾರಣೆ. ಫೋನ್ ಉಲ್ಟಾ. ಅಂಗಡಿಯ ಕಪಾಟಿನಲ್ಲಿ ಕೂತಷ್ಟೂ ಇಳಿಯುತ್ತದೆ. ಓಣಂ ಆಫರ್ ಅಷ್ಟು ಜೋರಾಗಿರುವುದಕ್ಕೆ ಹಬ್ಬ ಅರ್ಧ ಕಾರಣ. ಉಳಿದರ್ಧ, ಸೆಪ್ಟೆಂಬರಿಗೆ ಮೊದಲು ಸ್ಟಾಕ್ ಖಾಲಿ ಮಾಡಬೇಕೆಂಬ ನಮ್ಮ ತಲೆಬಿಸಿ.

ಹಾಗಾಗಿ ಹೀಗೆ ಮಾಡಿ. 82,900ರಿಂದ ಹತ್ತು ಸಾವಿರ ಕಳೆಯಿರಿ, 72,900. ಓಣಂ ಆಫರಿನಲ್ಲಿ ಬ್ಯಾಂಕ್ ರಿಯಾಯಿತಿ ಎಲ್ಲ ಸೇರಿ ನಿಮ್ಮ ಕೈಯಿಂದ ಹೋಗುವ ದುಡ್ಡು ಅದರ ಆಸುಪಾಸು ಬಂದರೆ ತೆಗೆದುಕೊಳ್ಳಿ, ಮತ್ತೆ ಸೆಪ್ಟೆಂಬರ್ ಕಡೆ ತಿರುಗಿ ನೋಡಬೇಡಿ. ಎಕ್ಸ್‌ಚೇಂಜ್ ದುಡ್ಡನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ನಿಮ್ಮದೇ ಹಳೆಯ ಫೋನಿನ ಬೆಲೆ. ಅಂಗಡಿಯವರು ಸೇರಿಸಿಯೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆಫರ್ ಅಷ್ಟು ಇಲ್ಲದಿದ್ದರೆ, ಕೈಯಲ್ಲಿರುವ ಫೋನ್ ನಡೆಯುತ್ತಿದ್ದರೆ, ಕಾಯಿರಿ.

ಪ್ರೊ ತೆಗೆದುಕೊಳ್ಳುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಹೊಸ ಪ್ರೊ ಬಂದ ದಿನ ಹಳೆಯ ಪ್ರೊ ಮಾರುವುದನ್ನು ಆಪಲ್ ನಿಲ್ಲಿಸಿಬಿಡುತ್ತದೆ. ಆಮೇಲೆ ಡೀಲರುಗಳ ಹತ್ತಿರ ಉಳಿದದ್ದೇ ಗತಿ.

ನನ್ನ ತಂಗಿಯ ಮಗ ಹೊಸೂರಿನ ಹತ್ತಿರ ಐಫೋನ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಮುಂದಿನ ಮಾಡೆಲ್ ಹೇಗಿರುತ್ತೆ ಅಂದರೆ ನಕ್ಕು ಸುಮ್ಮನಾಗುತ್ತಾನೆ. ಅವನಿಗೆ ಗೊತ್ತಿರುತ್ತದಾ?
— ಒಬ್ಬ ಓದುಗರು, ಡೆಂಕಣಿಕೋಟೆ

ಅಣ್ಣ, ಅವನು ನಗಲಿ ಬಿಡಿ. ಕೆದಕಬೇಡಿ. ಅಲ್ಲಿ ಬಾಯಿ ಬಿಟ್ಟವನ ಕೆಲಸ ಉಳಿಯುವುದಿಲ್ಲ. ಹೊಸೂರಿನ ಹತ್ತಿರದ ಟಾಟಾ ಕಾರ್ಖಾನೆಯಲ್ಲಿ ಐಫೋನಿನ ಹೊರಮೈ ತಯಾರಾಗುತ್ತದೆ. ಲೋಹದ ಚೌಕಟ್ಟು ಕೊರೆಯುವವನಿಗೆ ಚೌಕಟ್ಟು ಗೊತ್ತು. ಅದರೊಳಗೆ ಯಾವ ಕ್ಯಾಮೆರಾ ಕೂರುತ್ತದೆ, ಬೆಲೆ ಎಷ್ಟು ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಇಷ್ಟವಾದ ವಿಷಯ ಉಂಟು. ಗುಟ್ಟು ಹೊರಬೀಳುವುದು ಎಲ್ಲಿಂದ? ನನ್ನ ಅನುಭವದಲ್ಲಿ ಕೈಯಲ್ಲಿ ಹಿಡಿಯಬಹುದಾದದ್ದೆಲ್ಲ ಹೊರಬೀಳುತ್ತದೆ. ಫೋನಿನ ಉದ್ದ, ಅಗಲ, ಕ್ಯಾಮೆರಾ ಎಲ್ಲಿ, ಬಟನ್ ಎಲ್ಲಿ. ಯಾಕೆಂದರೆ ಹೊಸ ಫೋನ್ ಮಾರುಕಟ್ಟೆಗೆ ಬರುವ ದಿನ ಅದರ ಕವರ್ ಕೂಡ ಅಂಗಡಿಯಲ್ಲಿ ನೇತಾಡುತ್ತಿರಬೇಕು. ಕವರ್ ಮಾಡುವವನಿಗೆ ಅಳತೆ ಮೊದಲೇ ಬೇಕು. ನಮಗೆ ಕವರ್ ತಂದುಕೊಡುವ ಹೋಲ್‌ಸೇಲಿನವರ ಚೀಲದಲ್ಲಿ ಇನ್ನೂ ಹುಟ್ಟದ ಫೋನಿನ ಕವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಟೆಂಪರ್ಡ್ ಗ್ಲಾಸ್ ಕೂಡ.

ಅದೂ ಪೂರ್ತಿ ಗ್ಯಾರಂಟಿ ಅಲ್ಲ. 2011ರಲ್ಲಿ ಐಫೋನ್ 5 ಬರುತ್ತದೆ, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು ಎಂದು ನಂಬಿ ಹೊರದೇಶದ ಕೆಲವು ಕವರ್ ಕಂಪನಿಗಳು ಮಾಲು ಮಾಡಿಟ್ಟವು. ಅಕ್ಟೋಬರ್ 4ರಂದು ಬಂದದ್ದು 4ಎಸ್, ನೋಡಲು ಹಳೆಯ 4ರ ಹಾಗೇ. ಆ ಕವರುಗಳಿಗೆ ಹೊಂದುವ ಫೋನ್ ಹುಟ್ಟಲೇ ಇಲ್ಲ.

ಇನ್ನೊಂದು ಬಾಗಿಲು ಸರ್ಕಾರದ ಕಡತ. ರೇಡಿಯೋ ಅಲೆ ಬಿಡುವ ಯಾವ ಸಾಧನಕ್ಕೂ ಅಮೆರಿಕದಲ್ಲಿ ಎಫ್‌ಸಿಸಿ ಎಂಬ ಸಂಸ್ಥೆಯ ಒಪ್ಪಿಗೆ ಬೇಕು, ಆ ಕಾಗದಗಳು ಸಾರ್ವಜನಿಕರಿಗೆ ಕಾಣುತ್ತವೆ. ಮೊದಲ ಐಫೋನನ್ನು ಸ್ಟೀವ್ ಜಾಬ್ಸ್ 2007ರ ಜನವರಿ 9ರಂದು ತೋರಿಸಿದರು, ಅಂಗಡಿಗೆ ಬಂದದ್ದು ಜೂನ್ 29ಕ್ಕೆ. ಇಷ್ಟು ಮೊದಲೇ ಯಾಕೆ ಅಂದರೆ, ಎಫ್‌ಸಿಸಿ ಮೂಲಕ ಜಗತ್ತಿಗೆ ಗೊತ್ತಾಗುವುದಕ್ಕಿಂತ ನಾವೇ ಹೇಳುವುದು ಮೇಲು ಎಂದು ಅವರೇ ವೇದಿಕೆ ಮೇಲೆ ಹೇಳಿದ್ದರು.

ಮೂರನೆಯದು ಕಂಪನಿಯ ಸ್ವಂತ ಕೈತಪ್ಪು. 2017ರಲ್ಲಿ ಹೋಮ್‌ಪಾಡ್ ಎಂಬ ಸ್ಪೀಕರಿನ ಸಾಫ್ಟ್‌ವೇರನ್ನು ಆಪಲ್‌ನವರೇ ಮೊದಲೇ ಹೊರಬಿಟ್ಟರು. ಅದನ್ನು ಬಿಡಿಸಿ ನೋಡಿದವರಿಗೆ ಅಂಚಿಲ್ಲದ ಹೊಸ ಫೋನಿನ ಚಿತ್ರ, ಮುಖ ನೋಡಿ ಲಾಕ್ ತೆಗೆಯುವ ಸುದ್ದಿ ಎಲ್ಲ ಸಿಕ್ಕಿತು. ಐಫೋನ್ ಟೆನ್ ಬಂದದ್ದು ಅದಾದ ಮೇಲೆ.

ಬೆಲೆ ಮಾತ್ರ ಹೀಗೆ ಸೋರುವುದು ಕಡಿಮೆ. ಅದು ನಾಲ್ಕು ಜನ ಕೂತು ಕೊನೆಗೆ ಬರೆಯುವ ಒಂದು ಸಂಖ್ಯೆ, ಅದಕ್ಕೆ ಅಚ್ಚು ಬೇಡ, ಕವರ್ ಬೇಡ. ಹಾಗಾಗಿ "ಹೊಸ ಐಫೋನಿನ ಬೆಲೆ ಇಷ್ಟೇ" ಎಂಬ ವೀಡಿಯೊ ಬಂದರೆ ನಾನು ನೋಡುವುದೇ ಇಲ್ಲ.

ಮಡಚುವ ಐಫೋನ್ ಬಂದರೆ ತೆಗೆದುಕೊಳ್ಳಬೇಕು ಅಂತ ದುಡ್ಡು ಕೂಡಿಸುತ್ತಿದ್ದೇನೆ. ನಿಮ್ಮ ಅಭಿಪ್ರಾಯ?
— ಒಬ್ಬ ಓದುಗ, ಕುಂಬಳೆ

ದುಡ್ಡು ಕೂಡಿಸುವುದು ಒಳ್ಳೆಯದೇ, ಮುಂದುವರಿಸಿ. ಫೋನ್ ಮಾತ್ರ ಮೊದಲ ವರ್ಷ ಬೇಡ.

ಸ್ಯಾಮ್ಸಂಗ್‌ನವರು 2019ರ ಫೆಬ್ರವರಿಯಲ್ಲಿ ಮೊದಲ ಗ್ಯಾಲಕ್ಸಿ ಫೋಲ್ಡ್ ತೋರಿಸಿದರು. ಏಪ್ರಿಲ್ 26ಕ್ಕೆ ಮಾರಾಟ ಎಂದರು. ಅಷ್ಟರಲ್ಲಿ ವಿಮರ್ಶೆಗೆ ಕೊಟ್ಟ ಫೋನುಗಳ ಪರದೆ ಹಾಳಾಯಿತು. ಕೆಲವರು ಮೇಲಿನ ಪದರವನ್ನು ಸಾದಾ ಸ್ಟಿಕ್ಕರ್ ಎಂದುಕೊಂಡು ಕಿತ್ತಿದ್ದರು. ಇನ್ನು ಕೆಲವದರಲ್ಲಿ ಕೀಲಿನ ಸಂದಿನಿಂದ ಕಸ ಒಳಗೆ ಹೋಗಿತ್ತು. ಮಾರಾಟ ಮುಂದೆ ಹೋಯಿತು, ಸರಿಪಡಿಸಿ ಬಿಟ್ಟದ್ದು ಸೆಪ್ಟೆಂಬರಿನಲ್ಲಿ. ಭಾರತಕ್ಕೆ ಬರುವಾಗ ಬೆಲೆ 1,64,999 ರೂಪಾಯಿ. ಈಗಿನವು ಎಷ್ಟೋ ಗಟ್ಟಿ, ಅದು ಒಪ್ಪಬೇಕು.

ಆದರೂ ರಿಪೇರಿ ಮೇಜಿನ ಈ ಕಡೆ ಕೂತವನಿಗೆ ಕಾಣುವುದೇ ಬೇರೆ. ಸಾದಾ ಫೋನಿನ ಡಿಸ್‌ಪ್ಲೇ ಹೋದರೆ ಕಾಂಬೋ, ಅಂದರೆ ಗಾಜು ಮತ್ತು ಪರದೆ ಒಟ್ಟಿಗೆ ಇರುವ ಸೆಟ್ಟು, ತರಿಸಿ ಸಂಜೆಯೊಳಗೆ ಕೊಡುತ್ತೇನೆ. ಮಡಚುವ ಫೋನಿನ ಒಳಪರದೆ ಹೋದರೆ ನನ್ನ ಹತ್ತಿರ ತರಬೇಡಿ, ನಾನು ಮುಟ್ಟುವುದಿಲ್ಲ. ಕಂಪನಿ ಸರ್ವಿಸಿಗೇ ಹೋಗಬೇಕು, ಅಲ್ಲಿ ಹೇಳುವ ಮೊತ್ತಕ್ಕೆ ಒಂದು ಒಳ್ಳೆಯ ಹೊಸ ಫೋನ್ ಬರುತ್ತದೆ. ನೀವು ಕಡಲ ಬದಿಯ ಕಡಪ್ಪುರದ ಕಡೆಯವರಾದರೆ ಹೊಯಿಗೆ, ಉಪ್ಪುಗಾಳಿ ಬೇರೆ. ಮಳೆಗಾಲದಲ್ಲಿ ಇಲ್ಲಿನ ತಂಪಿಗೆ ಸಾದಾ ಫೋನಿನ ಚಾರ್ಜಿಂಗ್ ಪಿನ್ನೇ ಪಾಚಿ ಹಿಡಿಯುತ್ತದೆ ಮಾರಾಯ್ರೆ!

ಬರುತ್ತದಾ ಎಂದು ಕೇಳಿದರೆ, ಬರುತ್ತದೆ ಎಂದೇ ನನ್ನ ಅಂದಾಜು. ಮಡಚುವ ಐಫೋನ್ ಮುಂದಿನ ವರ್ಷ ಎಂಬ ಮಾತನ್ನು ವರ್ಷವರ್ಷ ಕೇಳಿ ಸಾಕಾಗಿತ್ತು, ಈ ಸಲದ್ದು ಮಾತ್ರ ಬೇರೆ ಬೇರೆ ಕಡೆಯಿಂದ ಒಂದೇ ರೀತಿ ಬರುತ್ತಿದೆ. ತೋರಿಸುವ ದಿನ, ಕೈಗೆ ಸಿಗುವ ದಿನ ಎರಡರ ನಡುವೆ ಜಾಸ್ತಿ ಅಂತರ ಇದ್ದರೆ ಆಶ್ಚರ್ಯ ಪಡಬೇಡಿ.

ಅಣ್ಣ ದುಬೈಯಿಂದ ಬರುವಾಗ ಹೊಸ ಐಫೋನ್ ತರುತ್ತೇನೆ ಅಂದಿದ್ದಾನೆ. ಈಗಲೇ 17 ತರಲಿಯಾ, ಹೊಸದು ಬಂದ ಮೇಲೆ ತರಲಿಯಾ?
— ಒಬ್ಬ ವಿದ್ಯಾರ್ಥಿ, ಉಪ್ಪಳ

ತಮ್ಮಾ, ಯಾವುದು ತಂದರೂ ಒಂದು ವಿಷಯ ಮೊದಲು ತಿಳಿದುಕೋ. ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹರೈನಿನಲ್ಲಿ ಮಾರುವ ಐಫೋನ್ 17ರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಬರೀ ಇ-ಸಿಮ್, ಅಂದರೆ ಫೋನಿನೊಳಗೇ ಕೂತಿರುವ, ತೆಗೆಯಲು ಬಾರದ ಸಿಮ್. ನಮ್ಮಲ್ಲಿ ಮಾರುವ 17ಕ್ಕೆ ಸಿಮ್ ಟ್ರೇ ಉಂಟು. ಐಫೋನ್ ಏರ್ ಆದರೆ ಯಾವ ದೇಶದ್ದಾದರೂ ಟ್ರೇ ಇಲ್ಲ.

ಮುಂದಿನದ್ದರಲ್ಲಿ ಏನಾಗುತ್ತದೆ? ಟ್ರೇ ವಾಪಸು ಬರುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡ. ಅಮೆರಿಕದಲ್ಲಿ 2022ರ ಐಫೋನ್ 14ರಿಂದಲೇ ತೆಗೆದಿದ್ದಾರೆ, ಅಲ್ಲಿಗೆ ಮತ್ತೆ ಕೊಡಲಿಲ್ಲ. ಜಿಯೋ, ಏರ್ಟೆಲ್, ವಿಐ ಮೂರರಲ್ಲೂ ಇ-ಸಿಮ್ ಸಿಗುತ್ತದೆ. ಬಿಎಸ್ಎನ್ಎಲ್‌ನವರು ಶುರು ಮಾಡಿದ್ದು 2025ರಲ್ಲಿ, ಮನೆಯಲ್ಲಿ ಅದೇ ಸಿಮ್ ಇದ್ದರೆ ಹತ್ತಿರದ ಆಫೀಸಿನಲ್ಲಿ ಕೇಳಿ ಆಮೇಲೆ ಅಣ್ಣನಿಗೆ ಹೇಳು. ತೊಂದರೆ ಬರುವುದು ಫೋನ್ ಸತ್ತಾಗ. ಹಳೆಯ ಹಾಗೆ ಸಿಮ್ ತೆಗೆದು ಅಮ್ಮನ ಫೋನಿಗೆ ಹಾಕಲು ಆಗುವುದಿಲ್ಲ. ಬ್ಯಾಂಕಿನ ಒಟಿಪಿ ಅದೇ ನಂಬರಿಗೆ ಬರುವವರು ಇದನ್ನು ಯೋಚಿಸಬೇಕು.

ಇಷ್ಟಕ್ಕೂ ಅಣ್ಣನ ಟಿಕೆಟ್ ಯಾವಾಗ? ಫೋನ್ ಅದಕ್ಕೆ ಸರಿಯಾಗಿ ಬರಲಿ. ಫೋನಿಗೋಸ್ಕರ ಅವನ ರಜೆ ಮುಂದೆ ಹಾಕಿಸಬೇಡ.

"ಹೊಸ ಐಫೋನ್ ಪ್ರೀ-ಬುಕಿಂಗ್, ಎರಡು ಸಾವಿರ ಕಟ್ಟಿದರೆ ಎಲ್ಲರಿಗಿಂತ ಮೊದಲು" ಎಂದು ವಾಟ್ಸ್ಆ್ಯಪಿಗೆ ಬಂದಿದೆ. ಕಟ್ಟಲೇ?
— ಒಬ್ಬ ಓದುಗರು, ಅಕ್ಕಲಕೋಟೆ

ಕಟ್ಟಬೇಡಿ ಸರ್. ಕಂಪನಿ ಇನ್ನೂ ಹೆಸರೇ ಹೇಳದ ಮಾಲಿಗೆ ಯಾವ ಡೀಲರಿಗೂ ಬುಕಿಂಗ್ ತೆರೆಯಲು ಬರುವುದಿಲ್ಲ. ಕಟ್ಟಿ ಆಗಿದ್ದರೆ ತಡಮಾಡದೆ ಸೈಬರ್ ವಂಚನೆಯ ದೂರು ತೆಗೆದುಕೊಳ್ಳುವ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಗಾಳಿಸುದ್ದಿ ಬಿಡಿ, ಕಂಪನಿಯವರೇ ವೇದಿಕೆಯಲ್ಲಿ ಹೇಳಿದ್ದನ್ನು ನಂಬಬಹುದಲ್ವಾ? ಮತ್ತೆ, ಮುಂದೆ ಏನು ಬರುತ್ತದೆ ಅಂತ ಅವರೇ ಮೊದಲೇ ಹೇಳಿದರೆ ಏನು ನಷ್ಟ?
— ಕಾಲೇಜು ವಿದ್ಯಾರ್ಥಿನಿ, ಮಡಕಶಿರಾ

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ ತಂಗಿ. ಆಸ್ಬೋರ್ನ್ ಎಂಬ ಅಮೆರಿಕದ ಕಂಪನಿ 1981ರಲ್ಲಿ ಹೊತ್ತು ತಿರುಗಬಹುದಾದ ಕಂಪ್ಯೂಟರ್ ಮಾರಿತು, ಚೆನ್ನಾಗಿ ಹೋಯಿತು. 1983ರಲ್ಲಿ ಇದಕ್ಕಿಂತ ಒಳ್ಳೆಯದು ಬರುತ್ತಿದೆ ಎಂದು ಮುಂಚೆಯೇ ಬಾಯಿಬಿಟ್ಟರು. ಡೀಲರುಗಳು ಹಳೆಯದರ ಆರ್ಡರ್ ಕೈಬಿಟ್ಟರು. ಅದೇ ವರ್ಷ ಕಂಪನಿ ದಿವಾಳಿ. ಅದೊಂದೇ ಕಾರಣ ಅಲ್ಲ, ಬೇರೆ ಎಡವಟ್ಟುಗಳೂ ಇದ್ದವು. ಆದರೆ ಆ ಕತೆ ಈ ವ್ಯಾಪಾರದವರ ತಲೆಯಿಂದ ಇನ್ನೂ ಹೋಗಿಲ್ಲ. ಮಾಷ್ಟ್ರು ಕಾಯುತ್ತಾ ಕೂತರೆ ನನ್ನ ಅಂಗಡಿಗೇ ಬಿಸಿ ತಟ್ಟುತ್ತದೆ, ಇನ್ನು ಅವರಿಗೆ?

ವೇದಿಕೆಯ ಮಾತಿಗೂ ಜಾತಿ ಉಂಟು. "ಮುಂದಿನ ವಾರದಿಂದ ಅಂಗಡಿಯಲ್ಲಿ" ಎಂದರೆ ನಂಬಬಹುದು. "ಮುಂದಿನ ವರ್ಷ" ಎಂದರೆ ಕೈ ಕಿಸೆಗೆ ಹೋಗಬಾರದು. ಮೂರು ಸಾಧನ ಒಟ್ಟಿಗೆ ಚಾರ್ಜ್ ಮಾಡುವ ಏರ್‌ಪವರ್ ಎಂಬ ಹಾಸನ್ನು ಆಪಲ್ 2017ರ ಸೆಪ್ಟೆಂಬರಿನಲ್ಲಿ ತೋರಿಸಿತು. 2019ರ ಮಾರ್ಚಿನಲ್ಲಿ, ಆಗುವುದಿಲ್ಲ ಎಂದು ಕೈಬಿಟ್ಟಿತು. 2024ರ ಜೂನಿನಲ್ಲಿ, ನಿಮ್ಮ ಮೆಸೇಜು ಮೇಲ್ ಎಲ್ಲ ಅರ್ಥ ಮಾಡಿಕೊಂಡು ಉತ್ತರಿಸುವ ಹೊಸ ಸಿರಿಯನ್ನು, ಅಂದರೆ ಐಫೋನಿನೊಳಗಿನ ಮಾತಾಡುವ ಸಹಾಯಕವನ್ನು, ತೋರಿಸಿದರು. ಅದನ್ನು ನೋಡಿಯೇ 16 ತೆಗೆದುಕೊಂಡವರು ನನ್ನ ಗಿರಾಕಿಗಳಲ್ಲೂ ಇದ್ದಾರೆ. 2025ರ ಮಾರ್ಚಿನಲ್ಲಿ, ಇನ್ನೂ ತಡವಾಗುತ್ತದೆ ಎಂದರು. ಫೋನ್ ತೆಗೆದುಕೊಳ್ಳುವಾಗ ಈಗ ಅದರಲ್ಲಿ ಏನು ನಡೆಯುತ್ತದೆ ಅಷ್ಟನ್ನೇ ನೋಡಿ ದುಡ್ಡು ಕೊಡಿ. ಆಮೇಲೆ ಬಂದದ್ದು ಲಾಭ.

ಬೇರೆಯವರ ಭವಿಷ್ಯ ಸಾಕು. ನಿಮ್ಮದೇ ಒಂದು ಪಂದ್ಯ ಹೇಳಿ.
— ಒಬ್ಬ ಓದುಗ, ಮುಳ್ಳೇರಿಯ

ದಿನ: ಸೆಪ್ಟೆಂಬರಿನ ಎರಡನೇ ವಾರ. ಇತ್ತೀಚಿನ ವರ್ಷಗಳಲ್ಲಿ 7ರಿಂದ 14ರ ಒಳಗೇ ಬಿದ್ದಿದೆ, ಕೊರೊನಾ ವರ್ಷ ಮಾತ್ರ ಅಕ್ಟೋಬರ್ 13ಕ್ಕೆ ಹೋಗಿತ್ತು. ಮಡಚುವ ಫೋನ್: ತೋರಿಸುತ್ತಾರೆ, ಬೆಲೆ ಕೇಳಿ ನಮ್ಮ ಪೇಟೆಯಲ್ಲಿ ಯಾರೂ ಬುಕ್ ಮಾಡುವುದಿಲ್ಲ. ಸಾದಾ 18: ಈ ಸೆಪ್ಟೆಂಬರಿನಲ್ಲಿ ಇಲ್ಲ. ಪಂದ್ಯಕ್ಕೆ ಒಂದು ಕವರ್, ಒಂದು ಟೆಂಪರ್ಡ್ ಗ್ಲಾಸ್, ಅದಕ್ಕಿಂತ ಜಾಸ್ತಿ ಕಟ್ಟುವುದಿಲ್ಲ.

ಕಾರ್ಯಕ್ರಮ ನಮ್ಮ ಗಡಿಯಾರಕ್ಕೆ ರಾತ್ರಿ ಹತ್ತೂವರೆಗೆ. ಕರೆಂಟ್ ಇದ್ದರೆ ನಾನೂ ನೋಡುತ್ತೇನೆ. ಬೆಲೆ ಕೇಳಲು ಆ ರಾತ್ರಿಯೇ ಫೋನ್ ಮಾಡಬೇಡಿ, ಅಂಗಡಿ ತೆರೆಯುವುದು ಮರುದಿನ ಬೆಳಿಗ್ಗೆ ಹತ್ತಕ್ಕೆ.